ನಾಲ್ಕನೆಯ ಕುರ್ಚಿ ಖಾಲಿ ಏಕೆ?



"ಈಗಿನ ಹುಡುಗರಿಗೆ ಬ್ರಿಡ್ಜ್ ಆಟದಲ್ಲಿ ಆಸಕ್ತಿಯೇ ಇಲ್ಲ ಫಾದರ್. ನಮ್ಮ ತಲೆಮಾರು ಹೋದರೆ ಆಟವೂ ಹೋಯಿತು ಅಂತಲೇ ಲೆಕ್ಕ." ಬೆಂಗಳೂರಿನಲ್ಲಿ ನೆಲೆಸಿರುವ ನಿವೃತ್ತ ಅಧಿಕಾರಿಯೊಬ್ಬರು ಈಚೆಗೆ ಆಡಿದ ಮಾತಿದು. ವಾರಕ್ಕೆ ಎರಡು ಸಂಜೆ ತಪ್ಪದೆ ಇಸ್ಪೀಟಿನ ಮೇಜಿಗೆ ಕೂರುವವರು ಅವರು. ಅವರ ಗುಂಪಿನಲ್ಲಿ ಎಪ್ಪತ್ತು ದಾಟದವರು ಒಬ್ಬರೇ ಅಂತೆ, ಅವರಿಗೆ ಅರವತ್ತಾರು. "ಅವನೇ ನಮ್ಮ ಯುವಕ ಸಂಘ" ಎಂದು ನಕ್ಕರು. ನಗುವಿನಲ್ಲಿ ಸಂಕಟವೂ ಇತ್ತು.

ಕುಟುಂಬದ ಪುಟದಲ್ಲಿ ಇಸ್ಪೀಟಿನ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಕಡೆ ಇಸ್ಪೀಟು ಎಂದರೆ ಅಂದರ್-ಬಾಹರ್, ಜಾತ್ರೆಯ ರಾತ್ರಿ ತೋಟದ ಮರೆಯಲ್ಲಿ ಹಾಸಿದ ಚಾಪೆ, ಪೊಲೀಸರ ದಾಳಿ, ಮರುದಿನದ ಪತ್ರಿಕೆಯಲ್ಲಿ ಜೂಜುಕೋರರ ಬಂಧನದ ಸುದ್ದಿ. ಹೆಂಡತಿಯ ಓಲೆಯನ್ನು ಒತ್ತೆಯಿಟ್ಟು ಆಡಿದವನ ಕಥೆ ಯಾವ ಊರಲ್ಲಿಲ್ಲ? ಆ ಭಯ ನ್ಯಾಯವಾದದ್ದೇ. ಧರ್ಮಸಭೆಯ 1917ರ ಕಾನೂನು ಸಂಹಿತೆ, ಹಣವಿಟ್ಟು ಆಡುವ ಅದೃಷ್ಟದ ಆಟಗಳಿಗೆ ಗುರುಗಳು ಕೈಹಾಕಕೂಡದು ಎಂದು ಸ್ಪಷ್ಟವಾಗಿಯೇ ಹೇಳಿತ್ತು. ಆದರೆ ಬ್ರಿಡ್ಜಿನ ದಾರಿ ಬೇರೆ. ರಮ್ಮಿ ಜೂಜೋ ಅಲ್ಲವೋ ಎಂಬ ಪ್ರಶ್ನೆ 1967ರಲ್ಲಿ ಆಂಧ್ರಪ್ರದೇಶದಿಂದ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ರಮ್ಮಿಯಲ್ಲಿರುವ ಅದೃಷ್ಟ ಬ್ರಿಡ್ಜಿನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಎಂದು ನ್ಯಾಯಾಲಯ ಹೋಲಿಸಿ ಹೇಳಿತು. ರಮ್ಮಿಯನ್ನು ಅಳೆಯಲು ಬ್ರಿಡ್ಜೇ ಅಳತೆಗೋಲಾಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ವರು ಕೂರುತ್ತಾರೆ, ಎದುರುಬದುರಾದವರು ಜೊತೆಗಾರರು. ಐವತ್ತೆರಡು ಎಲೆಗಳನ್ನು ತಲಾ ಹದಿಮೂರರಂತೆ ಹಂಚುತ್ತಾರೆ. ಒಬ್ಬರ ಕೈಗೆ ಬರಬಹುದಾದ ಹದಿಮೂರೆಲೆಯ ಗುಂಪುಗಳು 63,501 ಕೋಟಿಗೂ ಹೆಚ್ಚು ಬಗೆಯವು. ಆದ್ದರಿಂದ ಜೀವಮಾನವಿಡೀ ಆಡಿದರೂ ಇವತ್ತಿನ ಕೈ ಇನ್ನೊಮ್ಮೆ ಬರುತ್ತದೆಂದು ಕಾಯುವಂತಿಲ್ಲ. ಮೊದಲು ಕೂಗು: ಯಾವುದು ತುರುಫು, ನಮ್ಮ ಜೋಡಿ ಎಷ್ಟು ಸುತ್ತು ಗೆಲ್ಲುತ್ತದೆ ಎಂದು ಸರದಿಯಂತೆ ಹೇಳುವುದು. ಕೂಗು ಗೆದ್ದ ಜೋಡಿಯಲ್ಲಿ ಒಬ್ಬರು ಆಡುತ್ತಾರೆ. ಇನ್ನೊಬ್ಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು, 'ಡಮ್ಮಿ' ಎನಿಸಿಕೊಂಡು ಬಾಯಿಮುಚ್ಚಿ ಕೂರಬೇಕು. ಇಪ್ಪತ್ತೆಂಟು ಆಡಿ ಬೆಳೆದವರಿಗೆ ಇದರ ಅರ್ಧ ಆಗಲೇ ಗೊತ್ತು. ಪಂದ್ಯಗಳಲ್ಲಿ ಇನ್ನೊಂದು ಏರ್ಪಾಡಿದೆ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನೇ ಹಾಗೆಯೇ ಜೋಪಾನವಾಗಿ ಮುಂದಿನ ಮೇಜುಗಳಿಗೆ ಕಳಿಸುತ್ತಾರೆ. ನಿಮ್ಮ ಅಂಕವನ್ನು ಅದೇ ಎಲೆಗಳನ್ನು ಹಿಡಿದ ಇತರರ ಅಂಕದೊಡನೆ ತೂಗುತ್ತಾರೆ. ಎಲೆ ಸರಿಯಿರಲಿಲ್ಲ, ಹಣೆಬರಹ ಚೆನ್ನಾಗಿರಲಿಲ್ಲ ಎಂದು ಗೊಣಗಲು ಅಲ್ಲಿ ಜಾಗವಿಲ್ಲ.

ಸರಿ, ಎಳೆಯರು ಈ ಆಟವನ್ನು ಬಿಡುತ್ತಿದ್ದಾರೆಯೇ? ಬ್ರಿಡ್ಜನ್ನು ಒಂದು ಕಾಲಕ್ಕೆ ಮನೆಮನೆಯ ಆಟ ಮಾಡಿಕೊಂಡಿದ್ದ ಅಮೆರಿಕವನ್ನೇ ನೋಡಿ. ಈಗಿನ ಬ್ರಿಡ್ಜಿನ ಅಂಕಪದ್ಧತಿಯನ್ನು ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬ ಶ್ರೀಮಂತ 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ದೇಶವನ್ನೇ ಹಿಡಿಯಿತು. ರಾಬರ್ಟ್ ಪುಟ್ನಮ್ ಎಂಬ ವಿದ್ವಾಂಸರು 2000ರಲ್ಲಿ ಪ್ರಕಟಿಸಿದ 'ಬೌಲಿಂಗ್ ಅಲೋನ್' ಪುಸ್ತಕದಲ್ಲಿ ಕೊಡುವ ಲೆಕ್ಕದಂತೆ, 1958ರಲ್ಲಿ ಅಲ್ಲಿ ಸುಮಾರು 3.5 ಕೋಟಿ ಜನ ಬ್ರಿಡ್ಜ್ ಆಡುತ್ತಿದ್ದರು. ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರು. ಆ ತಲೆಮಾರು ಮುದಿಯಾದಂತೆ ಆಟವೂ ಅವರ ಜೊತೆಗೇ ಮುದಿಯಾಯಿತು. ಈಗ ಅಲ್ಲಿಯ ಕ್ಲಬ್ಬುಗಳಲ್ಲಿ ಕಾಣುವುದು ಬಹುಮಟ್ಟಿಗೆ ನರೆತ ತಲೆಗಳೇ. 2020ರ ಕೊರೊನಾ ಕಾಲದಲ್ಲಿ ಬಾಗಿಲು ಹಾಕಿದ ಕ್ಲಬ್ಬುಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ.

ನಮ್ಮ ದೇಶದ ಚಿತ್ರ ಕೊಂಚ ತಮಾಷೆಯದು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಬ್ರಿಡ್ಜ್ ಮೊದಲ ಬಾರಿ ಸೇರಿದಾಗ, ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ಬಂತು. ಗೆದ್ದವರು ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಅದೇ ಕೂಟದಲ್ಲಿ ಇಂಡೊನೇಷ್ಯಾದ ಉದ್ಯಮಿ ಬಂಬಾಂಗ್ ಹಾರ್ತೊನೊ 78ರ ವಯಸ್ಸಿನಲ್ಲಿ ಕಂಚು ಗೆದ್ದರು. ಓಟಗಾರರೂ ಈಜುಗಾರರೂ ಇಪ್ಪತ್ತೈದಕ್ಕೇ ಹಳಬರಾಗುವ ಕೂಟದಲ್ಲಿ ಅಜ್ಜಂದಿರ ಕೊರಳಿಗೆ ಪದಕ! ಸಂತೋಷಪಡಬೇಕಾದ ಸುದ್ದಿಯೇ. ಆದರೆ ಅಪ್ಪ ಇನ್ನೂ ಉಳುತ್ತಿದ್ದಾನೆ ಎಂದು ಹೆಮ್ಮೆಪಡುವ ಮನೆಯಲ್ಲಿ, ಮಗ ಏಕೆ ಉಳುತ್ತಿಲ್ಲ ಎಂಬ ಪ್ರಶ್ನೆಯೂ ಏಳುತ್ತದೆ.

ಈ ಪ್ರಶ್ನೆಗೆ ಎಲ್ಲರ ನಾಲಿಗೆಯ ತುದಿಯಲ್ಲೂ ಇರುವ ಉತ್ತರ ಒಂದೇ: ಮೊಬೈಲು. ಹುಡುಗರಿಗೆ ತಾಳ್ಮೆಯಿಲ್ಲ, ಏಕಾಗ್ರತೆಯಿಲ್ಲ, ಎಲ್ಲವೂ ಅರ್ಧ ನಿಮಿಷದಲ್ಲಿ ಬೇಕು. ನಾನು ಈ ಉತ್ತರವನ್ನು ಒಪ್ಪಲಾರೆ. ಇದೇ ಹುಡುಗರು ಚದುರಂಗಕ್ಕೆ ಮುಗಿಬಿದ್ದಿದ್ದಾರಲ್ಲ! ಚೆನ್ನೈನ ಗುಕೇಶ್ 2024ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವನಿಗೆ ಹದಿನೆಂಟು ವರ್ಷ. ನಾಲ್ಕೈದು ಗಂಟೆ ಒಂದೇ ಹಲಗೆಯ ಮುಂದೆ ಕದಲದೆ ಕೂರುವುದು ತಾಳ್ಮೆಯಿಲ್ಲದವರ ಕೆಲಸವೇ? ಚದುರಂಗಕ್ಕೆ ಎದುರಾಳಿ ಒಬ್ಬ ಸಾಕು, ಅವನೂ ಇಲ್ಲದಿದ್ದರೆ ಯಂತ್ರ ಸಾಕು. ಕಾಯಿಗಳ ನಡೆಯನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಒಬ್ಬನೇ ಕೂತು ಬೆಳೆಯಬಹುದು. ಬ್ರಿಡ್ಜಿಗೆ ನಾಲ್ವರು ಬೇಕು. ಒಂದು ಸಂಜೆಗೆ ಇಪ್ಪತ್ನಾಲ್ಕು ಕೈ ಆಡುವುದಾದರೆ ಮೂರು ಗಂಟೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಒಬ್ಬ ಜೊತೆಗಾರ ಬೇಕು. ಅವನೊಡನೆ ಒಂದು ಭಾಷೆಯನ್ನೇ ಕಟ್ಟಿಕೊಳ್ಳಬೇಕು. ಆ ಭಾಷೆ ಬಾಯಿಗೆ ಬರುವವರೆಗೆ, ಅಂದರೆ ಕಡಿಮೆಯೆಂದರೂ ಕೆಲವು ತಿಂಗಳು, ಸೋಲುವುದೊಂದೇ ಕೆಲಸ.

ಹೀಗಾಗಿ "ಆಸಕ್ತಿ ಕಳೆದುಕೊಂಡಿದ್ದಾರೆ" ಎಂಬ ಮಾತನ್ನೇ ಸ್ವಲ್ಪ ತಡೆದು ನೋಡಬೇಕು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಪದಗಳನ್ನು ಹೀಗೆ ಕೆದಕುವ ಚಟ ಅಂಟಿಬಿಡುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಕಳೆದುಕೊಳ್ಳಲು ಮೊದಲು ಕೈಯಲ್ಲಿ ಇರಬೇಕಲ್ಲವೇ? ಬೆಂಗಳೂರಿನಲ್ಲಿ ಬ್ರಿಡ್ಜ್ ಯಾರ ಕೈಯಲ್ಲಿತ್ತು? ಹಳೆಯ ಕ್ಲಬ್ಬುಗಳ ಇಸ್ಪೀಟು ಕೋಣೆಗಳಲ್ಲಿ, ಸೈನ್ಯದ ಮೆಸ್ಸುಗಳಲ್ಲಿ, ದೊಡ್ಡ ಅಧಿಕಾರಿಗಳ ವರಾಂಡದಲ್ಲಿ. ಸಂಜೆ ಆರರಿಂದ ಒಂಬತ್ತರವರೆಗೆ ಯಜಮಾನರು ನಿಶ್ಚಿಂತೆಯಿಂದ ಕೂರಬೇಕಾದರೆ ಅಡುಗೆ ಮಾಡುವವರು, ಮಕ್ಕಳನ್ನು ಮಲಗಿಸುವವರು, ಕಾಫಿ ತಂದಿಡುವವರು ಬೇರೆಯವರಿರಬೇಕಿತ್ತು. ಅವರ ಮಕ್ಕಳಿಗೆ ಆ ಕೋಣೆಯ ಬಾಗಿಲೇ ತೆರೆದಿರಲಿಲ್ಲ. ಇಂದಿನ ಯುವಜನರಲ್ಲಿ ಹೆಚ್ಚಿನವರು ಅಂಥವರ ಮಕ್ಕಳು, ಮೊಮ್ಮಕ್ಕಳು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಟ್ರಾಫಿಕ್ಕಿನಲ್ಲಿ ನುಗ್ಗಿ ರಾತ್ರಿ ಎಂಟಕ್ಕೆ ಮರಳುವ ಇಪ್ಪತ್ತಾರರ ಹುಡುಗಿಗೆ, ನಿನಗೆ ಬ್ರಿಡ್ಜಿನಲ್ಲಿ ಆಸಕ್ತಿಯಿಲ್ಲ ಎಂದು ದೂರುವುದು, ಉಣಬಡಿಸದೆ ಹಸಿವಿಲ್ಲವೆಂದು ಬೈದ ಹಾಗೆ.

ಹಾಗಾದರೆ ಹೋದರೆ ಹೋಗಲಿ ಬಿಡಿ ಎನ್ನೋಣವೇ? ಆಟಗಳು ಹುಟ್ಟುತ್ತವೆ, ಸಾಯುತ್ತವೆ. ಎಡ್ಮಂಡ್ ಹಾಯ್ಲ್ 1742ರಲ್ಲಿ ಗ್ರಂಥ ಬರೆದು ಬೋಧಿಸಿದ ವಿಸ್ಟ್ ಆಟವನ್ನು ನುಂಗಿಯೇ ಬ್ರಿಡ್ಜ್ ಬೆಳೆದದ್ದು. ನಮ್ಮ ಮೈಸೂರಿನಲ್ಲೇ ಉದಾಹರಣೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಗಳಿಂದ ಆಡುವ ಹಲವು ಆಟಗಳನ್ನು ರೂಪಿಸಿದರು. 'ಶ್ರೀತತ್ತ್ವನಿಧಿ'ಯಲ್ಲಿ ಅವುಗಳ ವಿವರವಿದೆ. ಇಂದಿಗೂ ಮೈಸೂರು ಗಂಜೀಫಾ ಎಲೆಗಳನ್ನು ಕಲಾವಿದರು ಮನಸೂರೆಗೊಳ್ಳುವಂತೆ ಬರೆಯುತ್ತಾರೆ, ಕೊಂಡವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನಿಯಮ ಪುಸ್ತಕದಲ್ಲಿದೆ, ಎಲೆ ಗೋಡೆಯ ಮೇಲಿದೆ. ನಾಲ್ಕು ಜನ ಕೂತು ಅವನ್ನು ಆಡುವ ಮನೆಯನ್ನು ಮಾತ್ರ ಹುಡುಕಬೇಕು. ಅದರಿಂದ ಮೈಸೂರಿಗೆ ನೈತಿಕ ಹಾನಿಯೇನೂ ಆಗಲಿಲ್ಲ ಎಂದು ಯಾರಾದರೂ ವಾದಿಸಿದರೆ, ನನ್ನಲ್ಲಿ ಸುಲಭದ ಉತ್ತರವಿಲ್ಲ. ಬ್ರಿಡ್ಜ್ ಕಲಿಯುವುದು ಯಾರ ಕರ್ತವ್ಯವೂ ಅಲ್ಲ. ಕಲಿಯದವನು ಯಾವ ಪಾಪವನ್ನೂ ಮಾಡಿಲ್ಲ.

ಆದರೂ ಈ ಆಟದೊಳಗೆ ಒಂದು ಅಪರೂಪದ ಶಿಸ್ತಿದೆ. ಅದು ಬೇರೆ ಕಡೆ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ ಎಂದು ನನ್ನ ಅನಿಸಿಕೆ. ಕೂಗಿನ ಭಾಷೆಯಲ್ಲಿ ಇರುವುದು ಹದಿನೈದೇ ಪದ: ಒಂದರಿಂದ ಏಳರವರೆಗಿನ ಸಂಖ್ಯೆ; ಕಳಾವರ್, ಡೈಮನ್, ಆಟಿನ್, ಇಸ್ಪೀಟು ಎಂಬ ನಾಲ್ಕು ಜಾತಿ; ತುರುಫಿಲ್ಲದ ಆಟಕ್ಕೆ ಒಂದು ಪದ; ಇವಲ್ಲದೆ ಪಾಸ್, ಡಬಲ್, ರೀಡಬಲ್. ಇಷ್ಟರಲ್ಲೇ ನನ್ನ ಕೈಯಲ್ಲಿರುವುದನ್ನು ಜೊತೆಗಾರನಿಗೆ ತಿಳಿಸಬೇಕು, ಅವನ ಕೈಯಲ್ಲಿರುವುದನ್ನು ತಿಳಿಯಬೇಕು. ನಾವಿಬ್ಬರೂ ಮಾಡಿಕೊಂಡ ಒಪ್ಪಂದಗಳು ಗುಟ್ಟಾಗಿರುವಂತಿಲ್ಲ. ನಮ್ಮ ಈ ಕೂಗಿಗೆ ಅರ್ಥವೇನು ಎಂದು ಎದುರಾಳಿ ಕೇಳಿದರೆ ಬಿಡಿಸಿ ಹೇಳಬೇಕು. ಕೆಮ್ಮುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ, ಎಲೆಯನ್ನು ಕೋಪದಿಂದ ಕುಕ್ಕುವಂತಿಲ್ಲ. ದೊಡ್ಡ ಪಂದ್ಯಗಳಲ್ಲಿ ಜೊತೆಗಾರರು ಪರಸ್ಪರ ಮುಖವನ್ನೇ ನೋಡದಂತೆ ಮೇಜಿನ ಮೇಲೆ ಓರೆಯಾಗಿ ತಡಿಕೆ ನಿಲ್ಲಿಸುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ನಿಯಮ ಇನ್ನೊಂದಿದೆ. ಜೊತೆಗಾರ ಕೂಗುವ ಮೊದಲು ತುಂಬ ಹೊತ್ತು ತಡೆದ ಎನ್ನಿ. ಅವನ ಕೈಯಲ್ಲಿ ಏನೋ ಇದೆ, ಹೇಳಲು ಅನುಮಾನಿಸಿದ ಎಂದು ನನಗೆ ತಿಳಿದುಹೋಯಿತು. ತಿಳಿಯದಂತೆ ಇರುವುದು ನನ್ನ ಕೈಯಲ್ಲಿಲ್ಲ. ಆದರೆ ತಿಳಿದದ್ದರಿಂದ ಲಾಭ ಪಡೆಯದಂತೆ ನಾನು ಜಾಗ್ರತೆವಹಿಸಬೇಕು. ಆ ತಡವರಿಕೆ ನಡೆದೇ ಇಲ್ಲವೆಂಬಂತೆ ನನ್ನ ತೀರ್ಮಾನ ಇರಬೇಕು. ಗುರುಗಳಾದ ನಮಗೆ ಇದು ಪರಿಚಿತ ನೆಲ. ಪಾಪನಿವೇದನೆಯಲ್ಲಿ ತಿಳಿದದ್ದನ್ನು ನಿವೇದಕನಿಗೆ ಬಾಧಕವಾಗುವಂತೆ ಬಳಸಕೂಡದು, ಗುಟ್ಟು ಹೊರಬೀಳುವ ಅಪಾಯವೇ ಇಲ್ಲದಾಗಲೂ ಬಳಸಕೂಡದು ಎಂಬುದು ಧರ್ಮಸಭೆಯ ಕಾನೂನು. ಎರಡರ ತೂಕವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಸಂಸ್ಕಾರ, ಇನ್ನೊಂದು ಇಸ್ಪೀಟು. ಆದರೆ ಕಿವಿಗೆ ಬಿದ್ದದ್ದೆಲ್ಲ ನನ್ನ ಬಳಕೆಗೆ ಬಂದ ಸ್ವತ್ತಲ್ಲ ಎಂಬ ಪಾಠವನ್ನು ಮೋಜಿನ ನಡುವೆ, ನಾಲ್ಕು ಜನರ ಕಣ್ಣೆದುರು, ಒಂದು ಸಂಜೆಗೆ ಹತ್ತು ಸಲ ಅಭ್ಯಾಸ ಮಾಡಿಸುವ ಆಟಗಳು ಎಷ್ಟಿವೆ? ಪಕ್ಕದ ಮನೆಯ ಗೋಡೆಯಾಚೆಯಿಂದ ಕೇಳಿದ್ದನ್ನೂ ಯಾರದೋ ಫೋನಿನಲ್ಲಿ ಕಣ್ಣಿಗೆ ಬಿದ್ದದ್ದನ್ನೂ ಕ್ಷಣದಲ್ಲಿ ಹತ್ತು ಜನಕ್ಕೆ ಹಂಚುವ ಕಾಲದಲ್ಲಿ ಈ ಅಭ್ಯಾಸದ ಬೆಲೆ ಕಡಿಮೆಯಾಗಿಲ್ಲ.

ಆಡುವವರೆಲ್ಲ ಸಾಧುಗಳು ಎಂದು ಯಾರೂ ತಿಳಿಯಬಾರದು. 2015ರಲ್ಲಿ ನಾರ್ವೆಯ ಆಟಗಾರ ಬೊಯೆ ಬ್ರೊಗೆಲಾಂಡ್ ಬಾಯಿಬಿಟ್ಟಾಗ, ವಿಶ್ವದ ಅಗ್ರಪಂಕ್ತಿಯ ಕೆಲವು ಜೋಡಿಗಳ ಮೇಲೆಯೇ ಗುಪ್ತ ಸಂಕೇತಗಳ ಆರೋಪ ಬಂತು, ನಿಷೇಧಗಳೂ ಬಿದ್ದವು. ಕೊರೊನಾ ಕಾಲದಲ್ಲಿ ಆಟವೆಲ್ಲ ಕಂಪ್ಯೂಟರಿಗೆ ಹೋದಾಗ ಇನ್ನೊಂದು ಬಗೆಯ ಮೋಸ ಕಾಣಿಸಿಕೊಂಡಿತು: ತನ್ನದೇ ಆಟವನ್ನು ಬೇರೆ ಹೆಸರಿನಲ್ಲಿ ಪ್ರೇಕ್ಷಕನಾಗಿ ಸೇರಿಕೊಂಡು ನಾಲ್ವರ ಎಲೆಗಳನ್ನೂ ನೋಡುವುದು. ಮಾಡಿದವರಲ್ಲಿ ಹಿರಿಯರೂ ಇದ್ದರು. ಶಿಸ್ತು ಎದುರಿಗೆ ಕೂತ ಮುಖಗಳಿಂದ ಎಷ್ಟು ಬರುತ್ತದೆ, ಒಳಗಿನಿಂದ ಎಷ್ಟು ಬರುತ್ತದೆ ಎಂಬುದಕ್ಕೆ ಅದೊಂದು ಪರೀಕ್ಷೆಯಾಯಿತು.

ಮತ್ತೆ ಮೂಲ ಪ್ರಶ್ನೆಗೆ ಬರೋಣ. ಆಟದ ಬಗ್ಗೆ ನಮ್ಮ ಸಂಪ್ರದಾಯ ಬಿಗಿಮುಖದ್ದಲ್ಲ. ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಆಟಕ್ಕೂ ಒಂದು ಸದ್ಗುಣವಿದೆಯೇ ಎಂದು ಕೇಳಿಕೊಂಡು, ಇದೆ ಎನ್ನುತ್ತಾರೆ. ಅರಿಸ್ಟಾಟಲನಿಂದ ಅದಕ್ಕೆ ಹೆಸರನ್ನೂ ತಂದುಕೊಡುತ್ತಾರೆ. ಶಿಷ್ಯರೊಡನೆ ಆಡುತ್ತಿದ್ದ ಸಂತ ಯೊವಾನ್ನರನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರು ಬಿಲ್ಲು ಹಿಡಿದಿದ್ದವನೊಬ್ಬನಿಗೆ ಬಾಣ ಬಿಡಲು ಹೇಳಿ, ಇದನ್ನು ಎಡೆಬಿಡದೆ ಮಾಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಈ ಕಥೆಯನ್ನು ಹೇಳಿದ ತೋಮಸರು ಅಷ್ಟಕ್ಕೇ ನಿಲ್ಲದೆ, ತಾನೂ ನಗದೆ ಇತರರ ನಗುವಿಗೂ ಅಡ್ಡಿಯಾಗುವವನಲ್ಲಿ ದೋಷವಿದೆ ಎಂದೂ ಸೇರಿಸುತ್ತಾರೆ. ಬ್ರಿಡ್ಜ್ ಮೇಜಿನ ಕೆಲವು ಹಿರಿಯರು ಈ ಭಾಗವನ್ನು ಓದಬೇಕೆಂದು ನನ್ನ ಆಸೆ; ಕಾರಣವನ್ನು ಮುಂದೆ ಹೇಳುತ್ತೇನೆ.

ಆಸಕ್ತಿ ಎಲ್ಲಿಂದ ಬರುತ್ತದೆ? ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ತತ್ತ್ವಜ್ಞಾನಿ ಅಲಾಸ್ಡೇರ್ ಮೆಕಿಂಟೈರ್ 1981ರ 'ಆಫ್ಟರ್ ವರ್ಚ್ಯೂ' ಗ್ರಂಥದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಬುದ್ಧಿವಂತ ಮಗುವೊಂದಕ್ಕೆ ಚದುರಂಗ ಕಲಿಯುವ ಮನಸ್ಸಿಲ್ಲ, ಮಿಠಾಯಿಯ ಆಸೆಯಿದೆ. ಆಡಿದರೆ ಮಿಠಾಯಿ, ಗೆದ್ದರೆ ಇನ್ನಷ್ಟು ಮಿಠಾಯಿ ಎಂದು ಒಪ್ಪಿಸುತ್ತೇವೆ. ಮಿಠಾಯಿ ಒಂದಕ್ಕೇ ಆಡುವವರೆಗೆ ಮೋಸಮಾಡದಿರಲು ಆ ಮಗುವಿಗೆ ಕಾರಣವೇ ಇಲ್ಲ. ಆದರೆ ಆಡುತ್ತ ಆಡುತ್ತ ಒಂದು ದಿನ, ಆ ಆಟದಲ್ಲಿ ಮಾತ್ರ ಸಿಗುವ ಸುಖ ಯಾವುದೆಂದು ಅದಕ್ಕೆ ಗೊತ್ತಾಗಬಹುದು. ಆಮೇಲೆ ಮೋಸಮಾಡಿದರೆ ಅದು ಸೋಲಿಸುವುದು ತನ್ನನ್ನೇ. ಈ ಉದಾಹರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕ್ರಮ. ಮೊದಲು ಕೂರುವುದು, ಆಮೇಲೆ ಆಸಕ್ತಿ. ಆಟದ ಒಳಗಿನ ಸುಖ ಹೊರಗೆ ನಿಂತವನಿಗೆ ಕಾಣಲಾರದು. ಕಾಣದ ಸುಖದಲ್ಲಿ ಅವನಿಗೆ ಆಸಕ್ತಿ ಹುಟ್ಟಬೇಕೆನ್ನುವುದು ಹೇಗೆ? ಅವನು ಕುರ್ಚಿಗೆ ಬರುವುದು ಆಟವನ್ನು ನಂಬಿ ಅಲ್ಲ, ಕರೆದವರನ್ನು ನಂಬಿ. ಅಪ್ಪ ಆಡುತ್ತಾನೆ, ಅಜ್ಜಿ ಕರೆಯುತ್ತಾಳೆ, ಸ್ನೇಹಿತನಿಗೆ ನಾಲ್ಕನೆಯವನು ಬೇಕಾಗಿದ್ದಾನೆ: ಹೀಗೇ.

ಮಿಠಾಯಿಯನ್ನು ದೊಡ್ಡ ಪ್ರಮಾಣದಲ್ಲೇ ಪ್ರಯತ್ನಿಸಿದವರಿದ್ದಾರೆ. ಅಮೆರಿಕದ ಕುಬೇರರಾದ ವಾರೆನ್ ಬಫೆಟ್ ಮತ್ತು ಬಿಲ್ ಗೇಟ್ಸ್, ಇಬ್ಬರೂ ಬ್ರಿಡ್ಜಿನ ಹುಚ್ಚಿನವರು, ಶಾಲೆಗಳಲ್ಲಿ ಆಟ ಕಲಿಸಲೆಂದು 2005ರಲ್ಲಿ 10 ಲಕ್ಷ ಡಾಲರ್ ತೆಗೆದಿಟ್ಟರು. ಅಲ್ಲಿಯ ಕ್ಲಬ್ಬುಗಳು ಅದರಿಂದ ಎಳೆಯರಾಗಲಿಲ್ಲ. ಹಣ ಪುಸ್ತಕ ಕೊಳ್ಳಬಲ್ಲದು, ಮೇಜು ಕೊಳ್ಳಬಲ್ಲದು. ವಾರವಾರವೂ ಮಗುವಿನ ಎದುರು ಕೂತು ಅದರ ತಪ್ಪಾಟವನ್ನು ನಗುತ್ತ ನುಂಗುವ ಮನುಷ್ಯನನ್ನು ಕೊಳ್ಳುವುದು ಕಷ್ಟ. ಪೋಲೆಂಡ್, ನೆದರ್‌ಲ್ಯಾಂಡ್ಸ್‌ಗಳಂಥ ದೇಶಗಳ ಯುವ ಆಟಗಾರರು ಇಂದಿಗೂ ಜಾಗತಿಕ ಯುವ ಪಂದ್ಯಗಳಲ್ಲಿ ಮಿಂಚುತ್ತಿದ್ದಾರೆ. ಯೌವನಕ್ಕೂ ಬ್ರಿಡ್ಜಿಗೂ ಹುಟ್ಟಾ ವೈರವಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಈಗ ಹಿರಿಯರ ಮಾತು. ಬ್ರಿಡ್ಜ್ ಮೇಜಿನ ಒಂದು ಕೆಟ್ಟ ಪದ್ಧತಿ ಎಂದರೆ ಆಟ ಮುಗಿದೊಡನೆ ನಡೆಯುವ ಮರಣೋತ್ತರ ಪರೀಕ್ಷೆ. "ಆಟಿನ್ ರಾಜನನ್ನು ಯಾಕೆ ಹಾಕಿದೆ? ತಲೆಯಲ್ಲಿ ಏನಿದೆ?" ಎಂದು ಜೊತೆಗಾರನನ್ನು ಎಲ್ಲರೆದುರು ಹರಿಹಾಯುವುದು. ಕಚೇರಿಯಲ್ಲಿ ಮೂವತ್ತು ವರ್ಷ ಕೈಕೆಳಗಿನವರನ್ನು ಗದರಿದ ನಾಲಿಗೆ ನಿವೃತ್ತಿಯ ನಂತರ ಎಲ್ಲಿಗೆ ಹೋಗಬೇಕು? ಇಲ್ಲಿಗೆ ಬರುತ್ತದೆ. ಈ ರೋಗ ಹಳೆಯದು. 1929ರಲ್ಲಿ ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಮರ್ಟಲ್ ಬೆನೆಟ್ ಎಂಬಾಕೆ, ನಾಲ್ಕು ಇಸ್ಪೀಟಿನ ಕೂಗನ್ನು ಸೋತ ಗಂಡನೊಡನೆ ಜಗಳವಾಗಿ, ಅವನು ಕೆನ್ನೆಗೆ ಹೊಡೆದಾಗ ಪಿಸ್ತೂಲು ತಂದು ಗುಂಡು ಹಾರಿಸಿದಳು. ಗಂಡ ಸತ್ತ, 1931ರಲ್ಲಿ ನ್ಯಾಯಾಲಯ ಆಕೆಯನ್ನು ಬಿಡುಗಡೆ ಮಾಡಿತು. (ಮದುವೆಯ ತಯಾರಿ ಶಿಬಿರಗಳಲ್ಲಿ ಈ ಕಥೆ ಹೇಳಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ.) ಗುಂಡು ಹಾರದಿದ್ದರೂ ಮಾತಿನ ಪೆಟ್ಟು ತಿಂದ ಇಪ್ಪತ್ತರ ಹುಡುಗ ಮುಂದಿನ ವಾರ ಬರುವುದಿಲ್ಲ. ಅವನಿಗೆ ಆಸಕ್ತಿಯಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ.

ನಿವೃತ್ತ ಅಧಿಕಾರಿಗಳನ್ನು ನಾನು ಒಂದು ಪ್ರಶ್ನೆ ಕೇಳಿದೆ: "ನಿಮಗೆ ಯಾರು ಕಲಿಸಿದರು?" ಅವರ ಸೋದರಮಾವನಂತೆ. ಮೂರು ತಿಂಗಳು ಮಾವನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತು ನೋಡಿದ್ದರಂತೆ. ಆಮೇಲೆ ಒಂದು ದಿನ ನಾಲ್ಕನೆಯವರು ಬರಲಿಲ್ಲ. "ನೀವು ಯಾರಿಗೆ ಕಲಿಸಿದಿರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಕ್ಕಳಿಗೆ ಓದುವುದಿತ್ತು, ಪರೀಕ್ಷೆಗಳಿದ್ದವು, ಇಸ್ಪೀಟು ಮುಟ್ಟಬೇಡಿ ಎಂದು ಅವರೇ ಹೇಳಿದ್ದರಂತೆ. ಒಳ್ಳೆಯ ತಂದೆಯ ಮಾತೇ. ಆ ಮಕ್ಕಳು ಚೆನ್ನಾಗಿ ಓದಿ ದೂರದೂರ ಇದ್ದಾರೆ. ನಮ್ಮ ಮನೆಗಳಲ್ಲಿ ಎರಡು ತಲೆಮಾರು ಹೀಗೆ, ಅಂಕಪಟ್ಟಿಗೆ ಬಾರದ್ದನ್ನೆಲ್ಲ ಬಾಗಿಲಾಚೆ ನಿಲ್ಲಿಸಿತು. ಈಗ ಬಾಗಿಲು ತೆರೆದು, ಏಕೆ ಯಾರೂ ಒಳಗೆ ಬರುತ್ತಿಲ್ಲ ಎಂದು ಕೇಳುತ್ತಿದ್ದೇವೆ.

ಎಳೆಯರು ಪೂರ್ತಿ ದೂರವಿದ್ದಾರೆ ಎಂಬುದೂ ನಿಜವಲ್ಲ. ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಆಡುವವರಿದ್ದಾರೆ. ಕ್ಲಬ್ಬಿನ ಹಿರಿಯರ ಕಣ್ಣಿಗೆ ಅವರು ಬೀಳುವುದಿಲ್ಲ. ಅಲ್ಲಿ ಜೊತೆಗಾರ ಪೋಲೆಂಡಿನವನಿರಬಹುದು, ಯಂತ್ರವೂ ಇರಬಹುದು. ಯಂತ್ರಗಳ ವಿಷಯದಲ್ಲಿ ಒಂದು ಕುತೂಹಲದ ಸಂಗತಿ: 2022ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಕಂಪನಿಯೊಂದರ ಯಂತ್ರ ಎಂಟು ಮಂದಿ ವಿಶ್ವ ಚಾಂಪಿಯನ್ನರನ್ನು ಮೀರಿಸಿತು. ಆದರೆ ಆ ಸ್ಪರ್ಧೆಯಲ್ಲಿ ಎಲೆ ಆಡುವ ಭಾಗ ಮಾತ್ರ ಇತ್ತು, ಕೂಗು ಇರಲಿಲ್ಲ. ಹದಿನೈದು ಪದಗಳಲ್ಲಿ ಇನ್ನೊಬ್ಬನನ್ನು ಅರ್ಥಮಾಡಿಕೊಳ್ಳುವ ಭಾಗವನ್ನು ಅಂದು ಪಕ್ಕಕ್ಕಿಟ್ಟಿದ್ದರು.

ಮನೆಯಲ್ಲಿ ಶುರುಮಾಡಬೇಕೆನ್ನುವವರಿಗೆ ಸುಲಭದ ದಾರಿಯಿದೆ. ಮಿನಿಬ್ರಿಡ್ಜ್ ಎಂಬ ಸರಳ ರೂಪದಲ್ಲಿ ಕೂಗಿನ ಗೋಜಿಲ್ಲ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಪ್ರತಿಯೊಬ್ಬರೂ ತಮ್ಮ ಕೈಯನ್ನು ಎಣಿಸಿ ಬಾಯಿಬಿಟ್ಟು ಹೇಳುತ್ತಾರೆ. ಒಟ್ಟು 40ರಲ್ಲಿ ಹೆಚ್ಚು ಯಾವ ಜೋಡಿಗಿದೆಯೋ ಅದು ಆಡುತ್ತದೆ. ಆ ಜೋಡಿಯಲ್ಲಿ ಕಡಿಮೆಯಿರುವವರು ಎಲೆ ಬಿಡಿಸಿಡುತ್ತಾರೆ. ಹತ್ತು ವರ್ಷದ ಮಗುವಿಗೂ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಒಂದು ಕಟ್ಟು ಇಸ್ಪೀಟು, ಊಟವಾದ ಮೇಲೆ ಒರೆಸಿದ ಮೇಜು, ಟಿವಿಯ ಸ್ವಿಚ್ಚು ಆರಿಸಲು ಒಬ್ಬರು. ಗಂಡಹೆಂಡತಿ ಎದುರುಬದುರು ಕೂರದೆ ತಲಾ ಒಂದು ಮಗುವನ್ನು ಜೊತೆಗಾರರನ್ನಾಗಿ ತೆಗೆದುಕೊಳ್ಳಲಿ. ಬೆನೆಟ್ ದಂಪತಿಯ ಕಥೆ ನೆನಪಿದೆಯಲ್ಲ. ಮೊದಲ ತಿಂಗಳು ಯಾರೂ ಯಾರ ಆಟದ ಬಗ್ಗೆಯೂ ಮಾತಾಡಕೂಡದು ಎಂದು ಮೊದಲೇ ಒಪ್ಪಿಕೊಂಡು ಕೂರುವುದು ಕ್ಷೇಮ. ಕೂಗು ಕಲಿಸುವುದು ಆಮೇಲೆ, ಮಕ್ಕಳೇ ಕೇಳಿದಾಗ.